ಮುಂದೆ ಅಂಗಡಿ, ಹಿಂದೆ ಮನೆ

ವಿಯೆಟ್ನಾಂನ ರಾಜಧಾನಿ ಹನೋಯ್‌ನ ಹಳೆ ಪೇಟೆಯಲ್ಲಿ ನಿಜಕ್ಕೂ ಹಳೆಯ ಕಟ್ಟಡಗಳು ಕಡಿಮೆ. ಹೋಗುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು. ಸಾವಿರ ವರ್ಷದ ಊರು ಅಂತ ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. 1010ರಲ್ಲಿ ಲೀ ಥಾಯ್ ತೋ ಎಂಬ ರಾಜ ಬೆಟ್ಟಗಳ ನಡುವೆ ಇದ್ದ ತನ್ನ ರಾಜಧಾನಿಯನ್ನು ಬಿಟ್ಟು ಕೆಂಪು ನದಿಯ ದಡದ ಈ ಬಯಲಿಗೆ ಬಂದ. ಊರಿಗೆ ಥಾಂಗ್ ಲಾಂಗ್ ಅಂತ ಹೆಸರಿಟ್ಟ. ಆದರೆ ಆ ಕಾಲದ ಒಂದು ಮನೆಯೂ ಈ ಬೀದಿಗಳಲ್ಲಿ ಇಲ್ಲ. ಈಗ ನಿಂತಿರುವ ಹಳೆ ಮನೆಗಳಲ್ಲಿ ಬಹುಪಾಲು 19ನೇ ಶತಮಾನದ ಕೊನೆಯವು, ಇಲ್ಲವೇ ಅದಕ್ಕೂ ಈಚಿನವು. ಎಷ್ಟೋ ಕಡೆ ಕೆಳಗೆ ಹೆಂಚಿನ ಮನೆಯ ಹಳೆ ಮುಖ ಇದ್ದರೆ, ಅದರ ಬೆನ್ನಿಗೇ ನಾಲ್ಕು ಅಂತಸ್ತಿನ ಕಾಂಕ್ರೀಟು ಎದ್ದಿದೆ.

ಹಾಗಿದ್ದೂ ಆ ಬೀದಿಗಳಿಗೆ ಕಾಲಿಟ್ಟ ಕೂಡಲೇ ಇದು ತುಂಬಾ ಹಳೆಯ ಜಾಗ ಅನ್ನಿಸುತ್ತದೆ. ಯಾಕೆ ಅಂತ ನಾನು ಅಲ್ಲಿದ್ದಷ್ಟೂ ದಿನ ಯೋಚಿಸಿದೆ. ಕೊನೆಗೆ ಹೊಳೆದದ್ದು ಇಷ್ಟು: ಇಲ್ಲಿ ಉಳಿದು ಬಂದಿರುವುದು ಒಂದು ಬದುಕುವ ರೀತಿ. ದುಡಿಯುವುದು, ಮಾರುವುದು, ಉಣ್ಣುವುದು, ಮಲಗುವುದು ಎಲ್ಲಾ ಒಂದೇ ಸೂರಿನ ಕೆಳಗೆ. ಮುಂದೆ ಅಂಗಡಿ, ಹಿಂದೆ ಮನೆ. ಅದು ಇರುವವರೆಗೆ ಈ ಪೇಟೆ ಹಳೆಯದಾಗಿಯೇ ಇರುತ್ತದೆ, ಅಲ್ಲಿ ಏನು ಮಾರಿದರೂ ಸರಿ. ಅದು ಹೋದರೆ ಹೆಂಚು, ಕಂಬ ಎಲ್ಲಾ ಹಾಗೇ ಇದ್ದರೂ ಪ್ರಯೋಜನ ಇಲ್ಲ.

ನಾನು ಹೋದದ್ದು ತೆತ್ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ. ತೆತ್ ಅಂದರೆ ಅವರ ಯುಗಾದಿ, ಚಾಂದ್ರಮಾನದ ಹೊಸ ವರ್ಷ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಆಗ್ನೇಯ ಏಷ್ಯಾ ಅಂದರೆ ಬರೀ ಸೆಕೆ ಅಂದುಕೊಂಡವರಿಗೆ ಹನೋಯ್‌ನ ಚಳಿಗಾಲ ಆಶ್ಚರ್ಯ ಹುಟ್ಟಿಸುತ್ತದೆ. ಆಕಾಶ ಬೂದಿ ಬಣ್ಣ, ಮಳೆಯೋ ಮಂಜೋ ಗೊತ್ತಾಗದಂಥ ತುಂತುರು. ಜನ ದಪ್ಪ ಜಾಕೆಟ್ ಹಾಕಿಕೊಂಡು ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಬಿಸಿ ಬಿಸಿ ಫೋ ಎಂಬ ನೂಡಲ್ಸ್ ಸೂಪು ಕುಡಿಯುತ್ತಿರುತ್ತಾರೆ. ಸ್ಕೂಟರುಗಳ ಹಿಂದೆ ಆಳೆತ್ತರದ ಪೀಚ್ ಹೂವಿನ ಕೊಂಬೆಗಳು, ಕುಂಡ ಸಮೇತ ಕಿತ್ತಳೆ ಜಾತಿಯ ಕುಮ್ಕ್ವಾಟ್ ಗಿಡಗಳು. ಇಡೀ ಬೀದಿಯೇ ಗಿಡ ಹೊತ್ತು ಓಡುತ್ತಿದೆ ಅನ್ನಿಸುತ್ತದೆ.

ಈ ಪೇಟೆಯನ್ನು ಅಲ್ಲಿನವರು 36 ಬೀದಿ ಅಂತ ಕರೆಯುತ್ತಾರೆ. ಈಗ ಎಣಿಸಿದರೆ ಎಪ್ಪತ್ತಕ್ಕೂ ಜಾಸ್ತಿ ಇವೆ. ಆದರೂ ಹಾಡಿನಲ್ಲಿ, ಮಾತಿನಲ್ಲಿ 36 ಹಾಗೇ ನಿಂತಿದೆ. ಬಹಳಷ್ಟು ಬೀದಿಗಳ ಹೆಸರು ಹಾಂಗ್ ಅಂತ ಶುರುವಾಗುತ್ತದೆ, ಹಾಂಗ್ ಅಂದರೆ ಸರಕು. ಅದರ ಪಕ್ಕದಲ್ಲಿ ಅಲ್ಲಿ ಮಾರುತ್ತಿದ್ದ ಸಾಮಾನಿನ ಹೆಸರು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರುಗಳನ್ನು ಹಿಡಿದು ನಡೆದರೆ ಊರಿನ ಹಳೆ ನಕ್ಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪೂರ್ವದ ಕಡೆ, ನದಿಯ ಹತ್ತಿರ, ಹಾಂಗ್ ಮುವೊಯ್ ಇದೆ, ಉಪ್ಪಿನ ಬೀದಿ. ಪಕ್ಕದಲ್ಲೇ ಹಾಂಗ್ ಮಾಮ್, ಮೀನಿನ ಗೊಜ್ಜಿನ ಬೀದಿ. ಹಾಂಗ್ ಬೇ ತೆಪ್ಪಗಳದ್ದು, ಹಾಂಗ್ ಬುವೋಮ್ ಹಾಯಿಗಳದ್ದು. ಈಗ ಅಲ್ಲಿ ನಿಂತರೆ ನೀರು ಕಾಣುವುದೇ ಇಲ್ಲ. ಹಾಯಿ ಯಾಕೆ ಇಲ್ಲಿ ಮಾರುತ್ತಿದ್ದರು? ಒಂದು ಕಾಲದಲ್ಲಿ ತೋ ಲಿಕ್ ಎಂಬ ಚಿಕ್ಕ ನದಿ ಪೇಟೆಯ ಉತ್ತರದ ಅಂಚಿನಲ್ಲಿ ಹರಿದು ಕೆಂಪು ನದಿಯನ್ನು ಸೇರುತ್ತಿತ್ತು. ದೋಣಿಗಳು ಅಂಗಡಿಗಳ ಬುಡಕ್ಕೇ ಬರುತ್ತಿದ್ದವು. 19ನೇ ಶತಮಾನದ ಕೊನೆಯಲ್ಲಿ, ಆಗ ಊರನ್ನು ಆಳುತ್ತಿದ್ದ ಫ್ರೆಂಚರು ಆ ಭಾಗವನ್ನು ಮಣ್ಣು ಹಾಕಿ ಮುಚ್ಚಿದರು. ನದಿ ಹೋಯಿತು, ಹೆಸರು ಉಳಿಯಿತು. ಹಾಂಗ್ ಬುವೋಮ್‌ನಲ್ಲಿ ಈಗ ಮಿಠಾಯಿ, ಬಿಸ್ಕತ್ತು, ವೈನ್ ಬಾಟಲಿಗಳನ್ನು ಹಬ್ಬದ ಬುಟ್ಟಿಗಳಲ್ಲಿ ಜೋಡಿಸಿ ಮಾರುತ್ತಾರೆ.

ಆ ಬೀದಿಯಲ್ಲೇ ಬಾಕ್ ಮಾ ಗುಡಿ ಇದೆ, ಬಿಳಿ ಕುದುರೆಯ ಗುಡಿ. ಪೇಟೆಯ ಅತ್ಯಂತ ಹಳೆಯ ಗುಡಿ ಇದು. ಕಥೆ ಹೀಗಿದೆ: ಲೀ ಥಾಯ್ ತೋ ಕೋಟೆ ಕಟ್ಟಿಸಿದಷ್ಟೂ ಕುಸಿಯುತ್ತಿತ್ತಂತೆ. ರಾಜ ಇಲ್ಲಿ ಬಂದು ಬೇಡಿಕೊಂಡ. ಗುಡಿಯಿಂದ ಒಂದು ಬಿಳಿ ಕುದುರೆ ಹೊರಗೆ ಬಂದು ಒಂದು ಸುತ್ತು ಹಾಕಿ ಮತ್ತೆ ಒಳಗೆ ಹೋಯಿತು. ಅದರ ಗೊರಸಿನ ಗುರುತು ಬಿದ್ದ ಕಡೆ ಗೋಡೆ ಕಟ್ಟಿದರು, ನಿಂತಿತು. ನಾನು ಹೋದಾಗ ಒಳಗೆ ಒಬ್ಬ ಅಜ್ಜಿ ತಟ್ಟೆಯಲ್ಲಿ ಬಾಳೆಹಣ್ಣು, ಚಾಕೊಲೇಟ್ ಪೈ ಡಬ್ಬಿ, ಎರಡು ಬಿಯರ್ ಕ್ಯಾನು ಇಟ್ಟು ಕೈಮುಗಿಯುತ್ತಿದ್ದರು. ಅವರ ಮನೆಯಲ್ಲಿ ಯಾವುದು ಒಳ್ಳೆಯದೋ ಅದು ದೇವರಿಗೂ ಸಲ್ಲುತ್ತದೆ. ನನಗೆ ಅದು ತುಂಬಾ ಇಷ್ಟವಾಯಿತು.

ಈ ಬೀದಿಗಳು ಸುಮ್ನೆ ಹೀಗೆ ಬೆಳೆದವಲ್ಲ. ಒಂದೊಂದು ಬೀದಿಯ ಬೆನ್ನಿಗೂ ಒಂದು ಹಳ್ಳಿ ಇತ್ತು. ಬೆಳ್ಳಿಯ ಬೀದಿ ಹಾಂಗ್ ಬಾಕ್‌ಗೆ ಚಾವ್ ಖೇ ಹಳ್ಳಿಯ ಅಕ್ಕಸಾಲಿಗರು ಬಂದರು. 15ನೇ ಶತಮಾನದಲ್ಲಿ ರಾಜನಿಗೆ ಬೆಳ್ಳಿ ಗಟ್ಟಿ ಎರಕ ಹೊಯ್ದು ಕೊಡಲು ಬಂದವರು ಇಲ್ಲೇ ನೆಲೆನಿಂತರು ಎನ್ನುತ್ತಾರೆ. ಮರ ಕಡೆಯುವ ತೋ ತಿಕ್ ಬೀದಿಯವರು ನೀ ಖೇ ಹಳ್ಳಿಯವರು. ಬಂದವರು ತಮ್ಮ ಕಸುಬನ್ನು ಮಾತ್ರ ತರಲಿಲ್ಲ, ಆ ಕಸುಬಿನ ಮೂಲಪುರುಷನನ್ನೂ ತಂದರು. ಬೀದಿಗೊಂದು ಸಮುದಾಯದ ಗುಡಿ ಕಟ್ಟಿದರು, ಅದಕ್ಕೆ ದಿನ್ ಅನ್ನುತ್ತಾರೆ. ಹಾಂಗ್ ಬಾಕ್‌ನ 42ನೇ ನಂಬರಿನಲ್ಲಿ ಕಿಮ್ ಙಾನ್ ದಿನ್ ಈಗಲೂ ಇದೆ. ಚಿನ್ನ ಬೆಳ್ಳಿ ಕೆಲಸದವರ ಗುಡಿ. ಪಕ್ಕದ ಅಂಗಡಿಗಳಲ್ಲಿ ಉಂಗುರ, ಬಳೆ, ಜೊತೆಗೆ ಟೂರಿಸ್ಟ್ ಬಸ್ಸಿನ ಟಿಕೆಟ್ಟು. ಒಳಗೆ ಹೋದರೆ ಮರದ ದೊಡ್ಡ ಕಂಬಗಳು, ಊದಿನಕಡ್ಡಿ ವಾಸನೆ.

ಎಲ್ಲಾ ಬೀದಿಗಳೂ ಹೆಸರಿಗೆ ತಕ್ಕಂತೆ ಉಳಿದಿಲ್ಲ. ಹಾಂಗ್ ಗಾಯ್‌ನಲ್ಲಿ ಹಿಂದೆ ಸೆಣಬು ಮಾರುತ್ತಿದ್ದರು, ಈಗ ರೇಷ್ಮೆ. ಹಾಂಗ್ ದಾವ್ ರೇಷ್ಮೆಯ ಬೀದಿಯಾಗಿತ್ತು, ಈಗ ಸಿದ್ಧ ಉಡುಪು. ಲೋ ರೆನ್ ಅಂದರೆ ಕುಲುಮೆ ಬೀದಿ. ಅಲ್ಲಿ ಈಗ ಬಹುತೇಕ ವೆಲ್ಡಿಂಗ್, ಗೇಟು, ಗ್ರಿಲ್ಲು. ಇದನ್ನು ಕಂಡು ಹಳೆಯದೆಲ್ಲಾ ಹೋಯಿತು ಅಂತ ಬೇಸರ ಪಡುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಸರಕು ಬದಲಾಗುವುದು ವ್ಯಾಪಾರದ ಗುಣ. ಹಾಯಿ ಕೊಳ್ಳುವವರು ಇಲ್ಲದ ಮೇಲೆ ಹಾಯಿ ಮಾರುವುದು ಹೇಗೆ?

ಹೆಸರು, ಕೆಲಸ ಎರಡೂ ಒಂದೇ ಆಗಿ ಉಳಿದಿರುವ ಬೀದಿ ಹಾಂಗ್ ಥಿಯೆಕ್. ತಗಡಿನ ಬೀದಿ. ಹತ್ತಿರ ಬರುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಹಿಂದೆ ಇಲ್ಲಿ ದೀಪದ ಕಂಬ, ಚಹಾ ಡಬ್ಬಿ ಮಾಡುತ್ತಿದ್ದರಂತೆ. ಈಗ ತಗಡಿನ ಪೆಟ್ಟಿಗೆ, ಹೊಗೆ ಕೊಳವೆ, ಅಂಚೆ ಡಬ್ಬಿ, ಸ್ಟೀಲ್ ತೊಟ್ಟಿ. ನಾನು ಒಬ್ಬರ ಕೆಲಸ ನೋಡುತ್ತಾ ತುಂಬಾ ಹೊತ್ತು ನಿಂತೆ. ವಯಸ್ಸು ಅರವತ್ತರ ಮೇಲೆ ಇರಬಹುದು. ಫುಟ್‌ಪಾತೇ ಅವರ ಕಾರ್ಖಾನೆ. ತಗಡಿನ ಹಾಳೆಯನ್ನು ನೆಲದ ಮೇಲೆ ಹಾಸಿ, ಕಬ್ಬಿಣದ ಮೊನೆಯಿಂದ ಒಂದು ವೃತ್ತ ಗೀರಿದರು. ದೊಡ್ಡ ಕತ್ತರಿಯಲ್ಲಿ ಆ ಗೀರನ್ನೇ ಹಿಡಿದು ಕತ್ತರಿಸಿದರು. ಕತ್ತರಿ ಎಲ್ಲೂ ನಿಲ್ಲಲಿಲ್ಲ. ಆಮೇಲೆ ಅಂಚನ್ನು ಒಂದು ತುಂಡು ರೈಲು ಕಂಬಿಯ ಮೇಲಿಟ್ಟು, ಮರದ ಸುತ್ತಿಗೆಯಿಂದ ತಟ್ಟುತ್ತಾ ಬಾಗಿಸಿದರು. ಒಂದು ಏಟಿಗೆ ಬೆರಳ ಅಗಲದಷ್ಟು. ಎಡಗೈ ತಗಡನ್ನು ತಿರುಗಿಸುತ್ತಲೇ ಇತ್ತು, ಬಲಗೈ ತಟ್ಟುತ್ತಲೇ ಇತ್ತು, ಕಣ್ಣು ಮಾತ್ರ ರಸ್ತೆಯ ಕಡೆ. ಯಾರೋ ಪರಿಚಯದವರು ಸ್ಕೂಟರಿನಲ್ಲಿ ಹೋದರು, ಇವರು ಏನೋ ಕೂಗಿ ಹೇಳಿದರು, ಕೈ ನಿಲ್ಲಲಿಲ್ಲ. ಹಿಂದೆ ಅಂಗಡಿಯ ಒಳಗೆ, ನೇತು ಹಾಕಿದ ಕೊಳವೆಗಳ ನಡುವಿನ ಸಂದಿಯಲ್ಲಿ, ಒಬ್ಬ ಹುಡುಗಿ ಶಾಲೆಯ ಪುಸ್ತಕ ಹರಡಿಕೊಂಡು ಬರೆಯುತ್ತಿದ್ದಳು. ಅಷ್ಟು ಸದ್ದಿನಲ್ಲೂ ತಲೆ ಎತ್ತಲಿಲ್ಲ. ಅವಳಿಗೆ ಅದು ಮನೆಯ ಸದ್ದು.

ಅವರು ಮಾಡುತ್ತಿದ್ದದ್ದು ಕಾಲಿರುವ, ತೂತುಗಳಿರುವ ಒಂದು ಡಬ್ಬಿ. ಹಿರಿಯರ ಹೆಸರಿನಲ್ಲಿ ಕಾಗದ ಸುಡುವ ಡಬ್ಬಿ. ಹಬ್ಬದ ಹೊತ್ತಿಗೆ ಅದಕ್ಕೆ ಬೇಡಿಕೆ ಜಾಸ್ತಿ. ಸುಡುವ ಕಾಗದ ಬೇಕಾದರೆ ಕೆಲವು ಬೀದಿ ದಾಟಿ ಹಾಂಗ್ ಮಾಗೆ ಹೋಗಬೇಕು. ಅದು ಕಾಗದದ ಬೀದಿ. ಕಾಗದದ ನೋಟು, ಕಾಗದದ ಅಂಗಿ, ಕಾಗದದ ಬೂಟು, ಸ್ಕೂಟರು, ಫೋನು. ತೀರಿಕೊಂಡವರಿಗೆ ಅಲ್ಲಿ ಏನೇನು ಬೇಕಾಗಬಹುದೋ ಎಲ್ಲಾ. ಸುಟ್ಟರೆ ಅವರಿಗೆ ತಲುಪುತ್ತದೆ ಎಂಬ ನಂಬಿಕೆ. ಇಲ್ಲಿನವರ ಲೆಕ್ಕದಲ್ಲಿ 12ನೇ ತಿಂಗಳ 23ನೇ ದಿನ ಒಲೆಯ ದೇವರು ಆಕಾಶಕ್ಕೆ ಹೋಗಿ, ಮನೆಯಲ್ಲಿ ವರ್ಷವಿಡೀ ಏನು ನಡೆಯಿತು ಅಂತ ವರದಿ ಒಪ್ಪಿಸುತ್ತಾನೆ. ಹೋಗುವುದು ಕಾರ್ಪ್ ಮೀನಿನ ಮೇಲೆ ಸವಾರಿ ಮಾಡಿಕೊಂಡು. ಅದಕ್ಕೆ ಕಾಗದದ ಟೋಪಿ, ಕಾಗದದ ಮೀನು ಸುಡುತ್ತಾರೆ. ಜೀವಂತ ಮೀನನ್ನು ಕೆರೆಗೋ ನದಿಗೋ ಬಿಡುತ್ತಾರೆ. ಕೆಂಪು ನದಿಯ ಮೇಲಿನ ಲಾಂಗ್ ಬಿಯೆನ್ ಸೇತುವೆಯಲ್ಲಿ ಆ ದಿನ ಹುಡುಗ ಹುಡುಗಿಯರು ಬೋರ್ಡು ಹಿಡಿದು ನಿಂತಿರುತ್ತಾರೆ: ಮೀನು ಬಿಡಿ, ಪ್ಲಾಸ್ಟಿಕ್ ಚೀಲ ಬಿಡಬೇಡಿ.

ಇನ್ನು ಮನೆಯ ವಿಷಯ. ಈ ಪೇಟೆಯ ಮನೆಗಳನ್ನು ಕೊಳವೆ ಮನೆ ಅನ್ನುತ್ತಾರೆ. ಬೀದಿಯ ಕಡೆ ಮೂರ್ನಾಲ್ಕು ಮೀಟರ್ ಅಗಲ, ಒಳಗೆ ಹೋದರೆ ಮುಗಿಯುವುದೇ ಇಲ್ಲ. ಬೀದಿಗೆ ಮುಖ ಇದ್ದರೇ ವ್ಯಾಪಾರ, ಆ ಮುಖದ ಒಂದೊಂದು ಅಡಿಗೂ ಪೈಪೋಟಿ. ಹಾಗಾಗಿ ಮನೆ ಅಗಲಕ್ಕೆ ಬೆಳೆಯಲಿಲ್ಲ, ಉದ್ದಕ್ಕೆ ಬೆಳೆಯಿತು. ಒಳಗೆ ಹೇಗಿರುತ್ತದೆ ಅಂತ ನೋಡಬೇಕಾದರೆ ಮಾ ಮೇಯ್ ಬೀದಿಯ 87ನೇ ನಂಬರಿನ ಮನೆಗೆ ಹೋಗಬೇಕು. 19ನೇ ಶತಮಾನದ ಕೊನೆಯ ಮನೆ, ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ 1999ರಲ್ಲಿ ರಿಪೇರಿ ಮಾಡಿ ತೆರೆದಿಟ್ಟಿದ್ದಾರೆ. ಅಗಲ ಸುಮಾರು 5 ಮೀಟರ್, ಉದ್ದ 28 ಮೀಟರ್. ಮುಂದೆ ಅಂಗಡಿ, ಅದರ ಹಿಂದೆ ಆಕಾಶಕ್ಕೆ ತೆರೆದ ಅಂಗಳ, ಮತ್ತೆ ಕೋಣೆ, ಮತ್ತೆ ಅಂಗಳ, ಕೊನೆಯಲ್ಲಿ ಅಡುಗೆಮನೆ. ಬೆಳಕು, ಗಾಳಿ ಬರುವುದು ಆ ಅಂಗಳಗಳಿಂದಲೇ. ಹೊರಗೆ ಹಾರ್ನು ಕಿವಿ ಕಿತ್ತು ಹೋಗುವಂತೆ ಬಾರಿಸುತ್ತಿದ್ದರೂ ಮೊದಲ ಅಂಗಳ ದಾಟಿದರೆ ಮಳೆಹನಿ ಕುಂಡಕ್ಕೆ ಬೀಳುವುದು ಕೇಳಿಸುತ್ತದೆ. ದೇವರ ಪೀಠ ಮೇಲಿನ ಅಂತಸ್ತಿನಲ್ಲಿ.

ಆ ಮನೆ ಚಂದ. ಆದರೆ ಅದೀಗ ನೋಡುವುದಕ್ಕೆ ಇಟ್ಟ ಮನೆ. 1954ರ ನಂತರ, ಫ್ರೆಂಚರು ಹೋಗಿ ಹೊಸ ಸರ್ಕಾರ ಬಂದ ಮೇಲೆ, ಇಂಥ ಒಂದೊಂದು ಮನೆಯನ್ನೂ ಹಲವು ಕುಟುಂಬಗಳಿಗೆ ಹಂಚಿದರು. ಒಂದು ಕುಟುಂಬ ಇದ್ದ ಕಡೆ ನಾಲ್ಕೈದು ಕುಟುಂಬ. ಅಂಗಳಕ್ಕೆ ಚಾವಣಿ ಬಂತು, ಕೋಣೆಗೆ ಅಟ್ಟ ಬಂತು. ಒಂದೇ ನಲ್ಲಿ, ಒಂದೇ ಕಕ್ಕಸು. ಈಗಲೂ ಎರಡು ಅಂಗಡಿಗಳ ನಡುವೆ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಸಣ್ಣ ಕತ್ತಲೆ ಓಣಿ ಕಾಣುತ್ತದೆ. ಗೋಡೆಯ ಮೇಲೆ ಸಾಲಾಗಿ ವಿದ್ಯುತ್ ಮೀಟರುಗಳು. ಆ ಮೀಟರುಗಳನ್ನು ಎಣಿಸಿದರೆ ಒಳಗೆ ಎಷ್ಟು ಸಂಸಾರ ಇವೆ ಅಂತ ಗೊತ್ತಾಗುತ್ತದೆ. ಹೊರಗಿನಿಂದ ಬಂದ ನಮಗೆ ಈ ಬೀದಿಯ ಗದ್ದಲ ಚೆಲುವಾಗಿ ಕಾಣುತ್ತದೆ, ನಿಜ. ಆದರೆ ಜನ ಫುಟ್‌ಪಾತ್ ಮೇಲೆ ಕೂತು ಉಣ್ಣುವುದು, ಪಾತ್ರೆ ತೊಳೆಯುವುದು, ಮಗುವಿಗೆ ತಿನ್ನಿಸುವುದು, ಚದುರಂಗ ಆಡುವುದಕ್ಕೆ ಒಂದು ಮುಖ್ಯ ಕಾರಣ ಒಳಗೆ ಜಾಗ ಇಲ್ಲದಿರುವುದು. ಅದನ್ನು ಮರೆತು ಹೊಗಳುವುದು ಸರಿಯಲ್ಲ.

ಈ ಮನೆಗಳು ಯುದ್ಧವನ್ನೂ ಕಂಡಿವೆ. 1946ರ ಡಿಸೆಂಬರ್ 19ರ ರಾತ್ರಿ ಹನೋಯ್‌ನಲ್ಲಿ ಫ್ರೆಂಚರ ವಿರುದ್ಧ ಹೋರಾಟ ಶುರುವಾಯಿತು. ಹೋರಾಟಗಾರರು ಈ ಪೇಟೆಯನ್ನೇ ಕೋಟೆ ಮಾಡಿಕೊಂಡರು. ಜನ ಮಂಚ, ಬೀರು, ಮೇಜುಗಳನ್ನು ಎಳೆದು ತಂದು ಬೀದಿಗೆ ಅಡ್ಡ ಹಾಕಿದರು. ಮನೆ ಮನೆಯ ನಡುವಿನ ಗೋಡೆಗೆ ಕನ್ನ ಕೊರೆದರು. ಬೀದಿಗೆ ಕಾಲಿಡದೆ ಒಂದು ಮನೆಯಿಂದ ಇನ್ನೊಂದಕ್ಕೆ, ಹೀಗೇ ಇಡೀ ಸಾಲನ್ನು ದಾಟಬಹುದಿತ್ತು. ಎರಡು ತಿಂಗಳು ಹಿಡಿದು ನಿಂತರು. 1947ರ ಫೆಬ್ರವರಿಯಲ್ಲಿ ದೋಂಗ್ ಸುವಾನ್ ಮಾರುಕಟ್ಟೆಯ ಒಳಗೆ, ಅಂಗಡಿ ಕಟ್ಟೆಗಳ ನಡುವೆ, ಕೈ ಕೈ ಮಿಲಾಯಿಸಿ ಕಾದಾಡಿದರು. ಕೊನೆಗೆ ಒಂದು ರಾತ್ರಿ ಉಳಿದವರು ಲಾಂಗ್ ಬಿಯೆನ್ ಸೇತುವೆಯ ಕೆಳಗಿನಿಂದ, ಮೇಲೆ ಕಾವಲಿದ್ದ ಸೈನಿಕರಿಗೆ ಗೊತ್ತಾಗದಂತೆ, ನದಿ ದಾಟಿ ಹೋದರು. ಮಾರುಕಟ್ಟೆಯ ಪಕ್ಕದಲ್ಲಿ ಅದರ ನೆನಪಿಗೆ ಒಂದು ಉಬ್ಬುಶಿಲ್ಪ ಇದೆ. ಅದರ ಮುಂದೆ ಸ್ಕೂಟರ್ ನಿಲ್ಲಿಸಿ ಮೂಟೆ ಇಳಿಸುತ್ತಾರೆ. ಅಗಲವಾದ ಬೀದಿ, ದೂರ ದೂರದ ಬಂಗಲೆ ಇರುವ ಊರಾಗಿದ್ದರೆ ಈ ಹೋರಾಟ ಹೀಗೆ ನಡೆಯುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸಿತು. ಅಂಟಿಕೊಂಡ ಗೋಡೆಗಳೇ ಅವರನ್ನು ಕಾಪಾಡಿದವು.

ಫ್ರೆಂಚರು ಹೋದ ಮೇಲಿನ ವರ್ಷಗಳಲ್ಲಿ ಬೇರೆ ರೀತಿಯ ಮೌನ ಬಂತು. ಖಾಸಗಿ ವ್ಯಾಪಾರಕ್ಕೆ ಕಡಿವಾಣ ಬಿತ್ತು, ಎಲ್ಲವೂ ರೇಷನ್ ಚೀಟಿಯ ಮೇಲೆ. ಅಂಗಡಿಯ ಹಲಗೆ ಬಾಗಿಲುಗಳು ಮುಚ್ಚಿದವು. 1986ರಲ್ಲಿ ದೋಯ್ ಮೋಯ್ ಎಂಬ ಹೊಸ ಆರ್ಥಿಕ ನೀತಿ ಬಂದ ಮೇಲೆ ಮತ್ತೆ ಒಂದೊಂದಾಗಿ ತೆರೆದವು. ಇದು ನನಗೆ ಬಹಳ ಮುಖ್ಯ ಅನ್ನಿಸುವ ಸಂಗತಿ. ನಾವು ಈಗ ನೋಡುವ ಈ ಸಡಗರ ಸಾವಿರ ವರ್ಷದಿಂದ ಬಿಡದೆ ನಡೆದು ಬಂದದ್ದಲ್ಲ. ನಡುವೆ ನಿಂತು ಹೋಗಿತ್ತು. ಮತ್ತೆ ಶುರುವಾದದ್ದು ಯಾಕೆಂದರೆ ಜನ ಅಲ್ಲೇ ಇದ್ದರು. ಅಪ್ಪನ ಸುತ್ತಿಗೆ ಅಟ್ಟದ ಮೇಲೆ ಇತ್ತು, ಮಗ ಅದನ್ನು ಇಳಿಸಿಕೊಂಡ. ಮನೆ ಖಾಲಿ ಆಗಿದ್ದರೆ ಯಾರು ಇಳಿಸಿಕೊಳ್ಳುತ್ತಿದ್ದರು?

ಹಾಂಗ್ ಲುವೊಕ್ ಬೀದಿಗೆ ಬಂದರೆ ತೆತ್ ಹಬ್ಬದ ಹೂವಿನ ಸಂತೆ. ಹಳೆಯ ಸಂತೆ ಇದು, ಹಬ್ಬದ ಹಿಂದಿನ ದಿನಗಳಲ್ಲಿ ಮಾತ್ರ. ಗುಲಾಬಿ ಬಣ್ಣದ ಪೀಚ್ ಕೊಂಬೆಗಳನ್ನು ಎರಡೂ ಕಡೆ ಒರಗಿಸಿ ಇಟ್ಟಿರುತ್ತಾರೆ. ಕೊಳ್ಳುವವರು ಕೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅರಳಿದ ಹೂವಿಗಿಂತ ಮೊಗ್ಗು ಜಾಸ್ತಿ ಇರಬೇಕು, ಹಬ್ಬದ ಬೆಳಗ್ಗೆಗೆ ಸರಿಯಾಗಿ ಬಿರಿಯಬೇಕು. ಆ ಗುಲಾಬಿ ಸಾಲಿನ ನಡುವೆ, 12ನೇ ನಂಬರಿನಲ್ಲಿ, ಒಂದು ಬಿಳಿ ಮಸೀದಿ. ಅಲ್ ನೂರ್ ಮಸೀದಿ. 1890ರ ಸುಮಾರಿಗೆ ಇದನ್ನು ಕಟ್ಟಿಸಿದವರು ಭಾರತದಿಂದ ಬಂದ ಮುಸ್ಲಿಂ ವ್ಯಾಪಾರಿಗಳು. ಫ್ರೆಂಚರ ಕಾಲದಲ್ಲಿ ಹಾಂಗ್ ದಾವ್ ಬೀದಿಯಲ್ಲಿ ಭಾರತೀಯರ ಬಟ್ಟೆ ಅಂಗಡಿಗಳಿದ್ದವು. ಆ ವ್ಯಾಪಾರಿಗಳು ಹೋಗಿ ಎಷ್ಟೋ ಕಾಲವಾಯಿತು. ಅವರು ಕಟ್ಟಿದ್ದು ಮಾತ್ರ ಊರಿನ ಒಂದೇ ಮಸೀದಿಯಾಗಿ ಉಳಿದಿದೆ. ಶುಕ್ರವಾರ ಬೇರೆ ಬೇರೆ ದೇಶದವರು ಅಲ್ಲಿ ಸೇರುತ್ತಾರೆ. ನಮ್ಮ ಕಡೆಯವರು ಹಡಗು ಹತ್ತಿ ಇಷ್ಟು ದೂರ ಬಂದು, ಬಟ್ಟೆ ಅಳೆದು ಮಾರಿ, ಉಳಿಸಿದ ಹಣದಲ್ಲಿ ಈ ಗೋಡೆ ಎಬ್ಬಿಸಿದ್ದಾರೆ. ಅಂಗಳದಲ್ಲಿ ನಿಂತಾಗ ಎದೆ ತುಂಬಿ ಬಂತು.

ನಮ್ಮ ಜೊತೆಗಿನ ನಂಟು ಇನ್ನೊಂದಿದೆ, ಅದು ಕಾಫಿ. ಸಕಲೇಶಪುರದ ಕಡೆ ನಮ್ಮ ನೆಂಟರ ತೋಟ ಇದೆ. ಅಲ್ಲಿ ಕೂತು ಮಾತಾಡುವಾಗ ವಿಯೆಟ್ನಾಂ ಹೆಸರು ಬರದ ದಿನವಿಲ್ಲ. ರೊಬಸ್ಟಾ ಜಾತಿಯ ಕಾಫಿ ಬೆಳೆಯುವುದರಲ್ಲಿ ಜಗತ್ತಿಗೇ ವಿಯೆಟ್ನಾಂ ಮೊದಲು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಬೆಲೆ ಏರುತ್ತದೆ, ಅಲ್ಲಿ ಬೆಳೆ ಚೆನ್ನಾದರೆ ಇಲ್ಲಿ ಇಳಿಯುತ್ತದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಅದಕ್ಕೆ ವಿಯೆಟ್ನಾಂನ ಬರಗಾಲವೂ ಒಂದು ಕಾರಣ. ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರಿಗೆ ಇದೆಲ್ಲಾ ಬಾಯಿಪಾಠ. ಹಾಗಾಗಿ ಹನೋಯ್‌ನಲ್ಲಿ ಕಾಫಿ ಕುಡಿಯುವುದು ನನಗೆ ಬರೀ ರುಚಿಯ ವಿಷಯ ಆಗಿರಲಿಲ್ಲ.

ಮೊಟ್ಟೆ ಕಾಫಿ ಹುಟ್ಟಿದ್ದು ಇದೇ ಊರಿನಲ್ಲಿ, 1946ರಲ್ಲಿ. ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನುಯೆನ್ ವಾನ್ ಜಾಂಗ್ ಎನ್ನುವವರು ಹಾಲು ಸಿಗದ ಕಾಲದಲ್ಲಿ ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಕಡೆದು ಹಾಕಿದರು. ಅವರ ಮನೆಯವರ ಕೆಫೆ ಜಾಂಗ್ ಈಗ ನುಯೆನ್ ಹೂ ಹುವಾನ್ ಬೀದಿಯಲ್ಲಿದೆ. ಹೊರಗಿನಿಂದ ಬರೀ ಒಂದು ಬೋರ್ಡು, ಒಂದು ಇಕ್ಕಟ್ಟಾದ ಓಣಿ. ಒಳಗೆ ನಡೆದರೆ ಕೊಳವೆ ಮನೆಯ ಅಂಗಳಕ್ಕೆ ತಲುಪುತ್ತೀರಿ, ಅಲ್ಲಿ ಗಿಜಿಗುಡುವ ಜನ. ಸಣ್ಣ ಕಪ್ಪನ್ನು ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ತರುತ್ತಾರೆ, ಆರದಿರಲಿ ಅಂತ. ಮೇಲೆ ಬೆಣ್ಣೆ ಬಣ್ಣದ ದಪ್ಪ ನೊರೆ. ಚಮಚ ಅದರ ಮೇಲೆ ಮುಳುಗದೆ ಒಂದು ಕ್ಷಣ ನಿಲ್ಲುತ್ತದೆ. ಆಳಕ್ಕೆ ಇಳಿಸಿದರೆ ಕಪ್ಪು ಕಾಫಿ, ಕಡು ಕಹಿ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳಬೇಕು. ಹಸಿ ಮೊಟ್ಟೆಯ ವಾಸನೆ ಸ್ವಲ್ಪವೂ ಇಲ್ಲ. ಮೊದಲು ಸಿಹಿ, ಹಿಂದೆಯೇ ರೊಬಸ್ಟಾದ ಆ ಗಡಸು ರುಚಿ ನಾಲಿಗೆಯ ಬುಡಕ್ಕೆ ಇಳಿಯುತ್ತದೆ. ನಮ್ಮ ಕಡೆ ರೊಬಸ್ಟಾ ಅಂದರೆ ಅರೇಬಿಕಾಗಿಂತ ಒಂದು ಮೆಟ್ಟಿಲು ಕೆಳಗೆ ಅಂತ ಒಂದು ಭಾವನೆ ಇದೆ. ಇಲ್ಲಿ ಅದನ್ನೇ ಮುಂದಿಟ್ಟು, ಅದರ ಕಹಿಗೆ ತಕ್ಕ ಸಿಹಿ ಕಂಡುಹಿಡಿದು, ಜಗತ್ತೇ ಹುಡುಕಿಕೊಂಡು ಬರುವಂತೆ ಮಾಡಿದ್ದಾರೆ. ನಮ್ಮ ಬೆಳೆಗಾರರು ಒಮ್ಮೆಯಾದರೂ ಇದನ್ನು ನೋಡಬೇಕು.

ಊಟದ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಚಾ ಕಾ ಎಂಬ ಮೀನಿನ ಅಡುಗೆ ಎಷ್ಟು ಹೆಸರು ಮಾಡಿತೆಂದರೆ ಅದು ಹುಟ್ಟಿದ ಬೀದಿಗೇ ಚಾ ಕಾ ಅಂತ ಹೆಸರಾಯಿತು. ಅರಿಶಿನ ಹಚ್ಚಿದ ಮೀನಿನ ತುಂಡು, ಮೇಜಿನ ಮೇಲೆಯೇ ಒಲೆ, ಕುದಿಯುವ ಎಣ್ಣೆಗೆ ಕಂತೆ ಕಂತೆ ಸಬ್ಬಸಿಗೆ ಸೊಪ್ಪು. ಹೌದು, ನಮ್ಮದೇ ಸಬ್ಬಸಿಗೆ. ಅಷ್ಟು ದೂರ ಹೋಗಿ ಅರಿಶಿನ, ಸಬ್ಬಸಿಗೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದಾಗ ಆಗುವ ಖುಷಿಯನ್ನು ಅನುಭವಿಸಿಯೇ ತಿಳಿಯಬೇಕು. ಮಾಂಸ ತಿನ್ನದವರು ಚಾಯ್ ಎಂಬ ಬೋರ್ಡು ಹುಡುಕಿ, ಅದು ಸಸ್ಯಾಹಾರ. ಚಾಂದ್ರಮಾನ ತಿಂಗಳ ಮೊದಲನೇ ದಿನ, 15ನೇ ದಿನ ಅಲ್ಲಿನವರೂ ಎಷ್ಟೋ ಜನ ಅದನ್ನೇ ಉಣ್ಣುತ್ತಾರೆ.

ಪೇಟೆಯ ಪೂರ್ವದ ಅಂಚಿನಲ್ಲಿ ಓ ಕ್ವಾನ್ ಚುವಾಂಗ್ ಎಂಬ ಹೆಬ್ಬಾಗಿಲು. 1749ರಲ್ಲಿ ಕಟ್ಟಿದ್ದು, 1817ರಲ್ಲಿ ಮತ್ತೆ ಕಟ್ಟಿದ್ದು. ಊರಿನ ಸುತ್ತ ಇದ್ದ ಹಳೆ ಬಾಗಿಲುಗಳಲ್ಲಿ ಉಳಿದದ್ದು ಇದೊಂದೇ. ಫೋಟೊ ತೆಗೆದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಆದರೆ ಕಮಾನಿನ ಪಕ್ಕದ ಗೋಡೆಯಲ್ಲಿ ಒಂದು ಕಲ್ಲು ಇದೆ. ಊರು ಫ್ರೆಂಚರ ಕೈಗೆ ಹೋಗುವ ಮುನ್ನ ಇಲ್ಲಿನ ಅಧಿಕಾರಿಯಾಗಿದ್ದ ಹೋವಾಂಗ್ ದಿಯೂ ಹಾಕಿಸಿದ ಆದೇಶ ಅದರ ಮೇಲಿದೆ. ಬಾಗಿಲು ಕಾಯುವವರು ಹೋಗಿ ಬರುವ ಜನರಿಂದ ಲಂಚ ಕೀಳಬಾರದು, ಹೆಣ ಹೊತ್ತು ಹೋಗುವವರನ್ನು ಪೀಡಿಸಬಾರದು ಅಂತ. ಆ ಅಧಿಕಾರಿ 1882ರ ಏಪ್ರಿಲ್‌ನಲ್ಲಿ ಕೋಟೆ ಕೈತಪ್ಪಿದ ದಿನ ನೇಣು ಹಾಕಿಕೊಂಡರು. ರಾಜರ ಹೊಗಳಿಕೆಯ ಶಾಸನ ಎಲ್ಲಾ ಕಡೆ ಸಿಗುತ್ತವೆ. ಸಾವಿನ ಮನೆಯವರಿಗೆ ತೊಂದರೆ ಕೊಡಬೇಡಿ ಅಂತ ಕಲ್ಲಿನಲ್ಲಿ ಬರೆಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಅದರ ಕೆಳಗೆ ಚಹಾ ಮಾರುವ ಹೆಂಗಸರು ಕೂರುತ್ತಾರೆ.

ಸಂಜೆಯಾದರೆ ತಾ ಹಿಯೆನ್ ಬೀದಿಯ ಕಡೆ ಬಿಯರು, ಮೈಕು, ಬಣ್ಣದ ದೀಪ. ಒಮ್ಮೆ ನೋಡಿದೆ, ಸಾಕಾಯಿತು. ಅಲ್ಲಿನ ಗದ್ದಲಕ್ಕೂ ಹಾಂಗ್ ಥಿಯೆಕ್‌ನ ಗದ್ದಲಕ್ಕೂ ಬಹಳ ವ್ಯತ್ಯಾಸ. ತಾ ಹಿಯೆನ್‌ನಲ್ಲಿ ಮಾರುವವರಿಗೂ ಆ ಬೀದಿಗೂ ರಾತ್ರಿ ಹನ್ನೆರಡರ ನಂತರ ಸಂಬಂಧ ಇಲ್ಲ.

ನನಗಿರುವ ಆತಂಕವೂ ಇದೇ. ಬೀದಿಗೆ ಮುಖ ಇರುವ ಮನೆ ಇದ್ದವನೇ ಅದೃಷ್ಟವಂತ ಅಂತ ಹನೋಯ್‌ನವರು ಮಾತಿಗೆ ಹೇಳುತ್ತಾರೆ. ಆ ಮುಖದ ಬಾಡಿಗೆ ಈಗ ಎಷ್ಟು ಏರಿದೆಯೆಂದರೆ, ತಾನೇ ಕೂತು ತಗಡು ಬಡಿಯುವುದಕ್ಕಿಂತ ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಹೊರಗೆ ಫ್ಲ್ಯಾಟಿನಲ್ಲಿ ಇರುವುದು ಲಾಭ. ನಾಲ್ಕು ಮೀಟರ್ ಅಗಲದ ಮನೆ ಕೆಡವಿ ಎಂಟು ಅಂತಸ್ತಿನ ಹೋಟೆಲು ಎಬ್ಬಿಸುತ್ತಾರೆ. ಇನ್ನೊಂದು ಕಡೆ, ಹೆಕ್ಟೇರಿಗೆ 800ಕ್ಕೂ ಜಾಸ್ತಿ ಜನ ಇರುವ ಈ ಪೇಟೆಯನ್ನು 500ಕ್ಕೆ ಇಳಿಸಬೇಕು, ಸಾವಿರಾರು ಕುಟುಂಬಗಳನ್ನು ನದಿಯಾಚೆಯ ಹೊಸ ಬಡಾವಣೆಗೆ ಕಳಿಸಬೇಕು ಅಂತ ನಗರಾಡಳಿತದ ಯೋಜನೆ ಇದೆ. ವರ್ಷಗಳಿಂದ ಕುಂಟುತ್ತಾ ಸಾಗಿದೆ. ಒಂದು ನಲ್ಲಿಗೆ ಐದು ಸಂಸಾರ ಇರುವವರಿಗೆ ಅಲ್ಲೇ ಇರಿ, ನಮಗೆ ನೋಡಲು ಚಂದ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಅವರಿಗೆ ಒಳ್ಳೆಯ ಮನೆ ಸಿಗಬೇಕು. ಆದರೆ ಒಳಗಿನ ಓಣಿಯಿಂದ ಖಾಲಿಯಾದ ಕೋಣೆಗೆ ಯಾರು ಬರುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಇರುವ ಕುಟುಂಬಕ್ಕೇ ಇನ್ನೊಂದು ಕೋಣೆ, ಇನ್ನೊಂದು ನಲ್ಲಿ ಸಿಕ್ಕಿದರೆ ಬೀದಿ ಬದುಕುತ್ತದೆ. ಹೋಟೆಲಿನ ಲಾಬಿ ಬಂದರೆ ಹೋಯಿತು.

ಫುಟ್‌ಪಾತಿನ ವಿಷಯದಲ್ಲೂ ಇದೇ ಜಗ್ಗಾಟ. 2017ರಲ್ಲಿ ದೊಡ್ಡದಾಗಿ ತೆರವು ಮಾಡಿದ್ದರು, ಈಗಲೂ ಆಗಾಗ ಮಾಡುತ್ತಾರೆ. ಪೊಲೀಸ್ ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಸ್ಟೂಲು, ಮೇಜು, ಒಲೆ ಎಲ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ. ಕೂತು ಉಣ್ಣುತ್ತಿದ್ದವರು ಬಟ್ಟಲು ಕೈಯಲ್ಲಿ ಹಿಡಿದು ಎದ್ದು ನಿಲ್ಲುತ್ತಾರೆ. ಗಾಡಿ ದಾಟಿದ ಮೇಲೆ ಎಲ್ಲಾ ಮತ್ತೆ ಹೊರಗೆ. ನಡೆಯುವವರಿಗೆ ದಾರಿ ಬೇಕು ಎಂಬುದೂ ನ್ಯಾಯವೇ. ಆದರೂ ಆ ಬಟ್ಟಲು ಹಿಡಿದು ನಿಂತವರ ಪರವಾಗಿಯೇ ನನ್ನ ಮನಸ್ಸು ವಾಲುತ್ತದೆ.

ಹೋಗುವವರಿಗೆ ಎರಡು ಮಾತು. ವಾರಾಂತ್ಯದ ರಾತ್ರಿ ಸಂತೆಗಿಂತ ವಾರದ ದಿನದ ಬೆಳಗ್ಗೆ ಏಳರಿಂದ ಹತ್ತರವರೆಗೆ ನಡೆಯಿರಿ. ದೋಂಗ್ ಸುವಾನ್ ಹಿಂದಿನ ಬೀದಿಗಳು, ಹಾಂಗ್ ಥಿಯೆಕ್, ಗಿಡಮೂಲಿಕೆ ಔಷಧದ ಲಾನ್ ಓಂಗ್ ಬೀದಿ ಆಗಲೇ ಚೆನ್ನಾಗಿರುವುದು. ಲಾನ್ ಓಂಗ್‌ನಲ್ಲಿ ದಾಲ್ಚಿನ್ನಿ, ಒಣ ಶುಂಠಿಯ ಮೂಟೆ ಬಿಚ್ಚುವ ಹೊತ್ತಿಗೆ ಇಡೀ ಬೀದಿ ಘಮ್ಮೆನ್ನುತ್ತದೆ. ಉಳಿದುಕೊಳ್ಳಲು ದೊಡ್ಡ ಹೋಟೆಲಿನ ಬದಲು, ಮನೆಯವರೇ ಹಿಂದೆ ವಾಸವಿದ್ದು ಮುಂದೆ ಕೆಲವು ಕೋಣೆ ಬಾಡಿಗೆಗೆ ಕೊಡುವ ಜಾಗ ಹುಡುಕಿ. ಈಗಲೂ ಸಿಗುತ್ತವೆ. ಬುಕ್ ಮಾಡುವ ಮೊದಲು ಒಂದು ಸಂದೇಶ ಕಳಿಸಿ ಕೇಳಿ: ರಾತ್ರಿ ನೀವೂ ಅಲ್ಲೇ ಇರುತ್ತೀರಾ?